ಊರಿನ ಊಟ ಅಳೆಯುವ ವಿದ್ಯೆ

1970ರ ದಶಕದ ನಡುವೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ವಿಚಿತ್ರ ಕಾಯಿಲೆಯೊಂದು ಕಾಣಿಸಿಕೊಂಡಿತು. ಸೊಂಟ, ಮಂಡಿ ಹಿಡಿದುಕೊಂಡು ಜನ ನಡೆಯಲಾರದ ಸ್ಥಿತಿಗೆ ಬಂದರು. ಬಹುತೇಕರು ಗದ್ದೆ ಕೆಲಸದ ಬಡ ಕೂಲಿಕಾರರು. ಗದ್ದೆಗೆ ಹೊಡೆದ ಕೀಟನಾಶಕ ಅವರು ತಿನ್ನುವ ಏಡಿಯ ಮೂಲಕ ಮೈ ಸೇರಿತೇ ಎಂಬ ಗುಮಾನಿಯೂ ಎದ್ದಿತು. ಆಗ ಜಾಡು ಹಿಡಿದು ಮಲೆನಾಡಿಗೆ ಬಂದವರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಯಾವ ಮನೆಯಲ್ಲಿ ಯಾರಿಗೆ ನೋವಿದೆ, ಯಾರಿಗಿಲ್ಲ, ಏನು ಉಣ್ಣುತ್ತಾರೆ ಎಂದು ವಿಚಾರಿಸಿದ ಅವರು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ದಾಖಲಿಸಿದರು. ಇದು ವಂಶವಾಹಿಯ ಕಾಯಿಲೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು.

ಹೀಗೆ ಊರಿಗೇ ಹೋಗಿ ಮನೆಮನೆಯಲ್ಲಿ ವಿಚಾರಿಸುವುದೇ ಸಾರ್ವಜನಿಕ ಆರೋಗ್ಯ ಪೌಷ್ಟಿಕತೆ ಎಂಬ ಓದಿನ ಸ್ವಭಾವ. ಆಸ್ಪತ್ರೆಯ ಡಯಟಿಷಿಯನ್ ಎದುರು ಒಬ್ಬ ರೋಗಿ ಕೂತಿರುತ್ತಾನೆ. ಈ ಶಾಸ್ತ್ರ ಓದಿದವರ ಎದುರು ಒಂದು ಊರು, ಕೆಲವೊಮ್ಮೆ ಇಡೀ ರಾಜ್ಯ ಕೂತಿರುತ್ತದೆ. ಏನು ತಿನ್ನಬೇಕು ಎಂದು ಹೇಳುವುದಕ್ಕೆ ಮೊದಲು, ಜನ ನಿಜವಾಗಿ ಏನು ತಿನ್ನುತ್ತಿದ್ದಾರೆ ಎಂದು ಅಳೆಯುವುದನ್ನು ಕಲಿಸುವ ವಿದ್ಯೆ ಇದು.

ಹಂದಿಗೋಡಿಗೆ ಬಂದಿದ್ದ ಆ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಇರುವುದು ಹೈದರಾಬಾದಿನ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲಿ. ಹುಟ್ಟಿದ್ದು ಮಾತ್ರ ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ಸರ್ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ಕಾಯಿಲೆಯ ವಿಚಾರಣೆ ಶುರು ಮಾಡಿದರು. ದೇಶದ ಬೇರೆಬೇರೆ ಸೀಮೆಯ ಊಟವನ್ನು ಇಲಿಗಳಿಗೆ ಹಾಕಿ ಬೆಳವಣಿಗೆ ನೋಡಿದ ಪ್ರಯೋಗಗಳಿಂದ ಅವರು ಹೆಸರಾದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಪಂಜಾಬಿ ಊಟ ತಿಂದ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು. ಪಾಲಿಷ್ ಅಕ್ಕಿಯನ್ನೇ ನೆಚ್ಚಿದ ದಕ್ಷಿಣದ ಊಟದವು ಸೊರಗಿದವು. ಮುಂದೆ ಡಬ್ಲ್ಯು.ಆರ್. ಅಯ್ಕ್ರಾಯ್ಡ್ ಕಾಲದಲ್ಲಿ, 1937ರಲ್ಲಿ, ಭಾರತದ ಆಹಾರಗಳ ಪೋಷಕಾಂಶದ ಪಟ್ಟಿ ಹೊರಬಂತು. ಅದೇ ಪರಂಪರೆಯ 2017ರ ಪಟ್ಟಿಯಲ್ಲಿ 528 ಆಹಾರಗಳ ವಿವರ ಇದೆ. 1958ರಲ್ಲಿ ಕೂನೂರಿನ ಪ್ರಯೋಗಾಲಯ ಹೈದರಾಬಾದಿಗೆ ಬಂತು, 1969ರಲ್ಲಿ ಈಗಿನ ಹೆಸರು ಪಡೆಯಿತು. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗಸಂಸ್ಥೆ.

ದಖ್ಖನಿಗೆ ಬಂದದ್ದರಿಂದ ಸಂಸ್ಥೆಗೆ ದಖ್ಖನಿನದೇ ಒಂದು ಒಗಟು ಎದುರಾಯಿತು. ಪೆಲ್ಲಾಗ್ರ ಎಂಬ ಕಾಯಿಲೆಯಲ್ಲಿ ಬಿಸಿಲು ಬೀಳುವ ಕೈ, ಕಾಲು, ಕತ್ತಿನ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಆಗುತ್ತದೆ, ಬುದ್ಧಿ ಮಂಕಾಗುತ್ತದೆ. ನಿಯಾಸಿನ್ ಎಂಬ ವಿಟಮಿನ್ ಕೊರತೆಯ ಈ ರೋಗ ಹೊರದೇಶಗಳಲ್ಲಿ ಮೆಕ್ಕೆಜೋಳ ತಿನ್ನುವ ಬಡವರಿಗೆ ಬರುತ್ತಿತ್ತು. ಇಲ್ಲಿ ಅದು ಜೋಳ ತಿನ್ನುವವರಲ್ಲಿ ಕಾಣಿಸಿತು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದೇ ಇದಕ್ಕೆ ಕಾರಣವಿರಬಹುದು ಎಂದು ವಾದ ಮುಂದಿಟ್ಟರು. ಎಲ್ಲರೂ ಅದನ್ನು ಒಪ್ಪಲಿಲ್ಲ, ಚರ್ಚೆ ವರ್ಷಗಟ್ಟಲೆ ನಡೆಯಿತು. ವಿಜಯಪುರ, ಕಲಬುರಗಿ ಕಡೆಯ ಓದುಗರು ಇದನ್ನು ಓದಿ ಜೋಳದ ರೊಟ್ಟಿಗೆ ಹೆದರಬೇಕಿಲ್ಲ. ರೊಟ್ಟಿಯ ಜೊತೆ ಬೇಳೆ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದವರಿಗೆ ತೊಂದರೆ ಇರಲಿಲ್ಲ. ಕಾಯಿಲೆ ಹಿಡಿದದ್ದು ಬರೀ ಜೋಳದ ಮೇಲೆ ದಿನ ನೂಕುತ್ತಿದ್ದವರನ್ನು. ಗೋಪಾಲನ್ ನಂತರ ಸಂಸ್ಥೆಯ ನಿರ್ದೇಶಕರಾದ ಶ್ರೀಕಂಠಯ್ಯ ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಇಂಥ ಪ್ರಶ್ನೆಗಳನ್ನು ಕೇಳುವವರನ್ನು ತಯಾರು ಮಾಡುವುದೂ ಸಂಸ್ಥೆಯ ಕೆಲಸ. ಸೇವೆಯಲ್ಲಿರುವವರಿಗೆ ಅಲ್ಪಾವಧಿಯ ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸು ಬಹುಕಾಲದಿಂದ ಇದೆ. ಅನ್ವಯಿಕ ಪೌಷ್ಟಿಕತೆ ಮತ್ತು ಕ್ರೀಡಾ ಪೌಷ್ಟಿಕತೆಯಲ್ಲಿ ಎಂ.ಎಸ್ಸಿ. ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಪದವಿ ಕೊಡುವುದು ವಾರಂಗಲ್‌ನ ಕಾಳೋಜಿ ನಾರಾಯಣ ರಾವ್ ಆರೋಗ್ಯ ವಿಶ್ವವಿದ್ಯಾಲಯ.

ಸಂಸ್ಥೆಯ ಪಠ್ಯದಲ್ಲಿ ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಸಾಂಕ್ರಾಮಿಕ ರೋಗಶಾಸ್ತ್ರ ಎಲ್ಲವೂ ಬರುತ್ತವೆ. ಆದರೆ ಕಸುಬು ಕೈಗೆ ಹತ್ತುವುದು ಫೀಲ್ಡಿನಲ್ಲಿ. ಒಂದು ಉದಾಹರಣೆ ನೋಡಿ. ಹಿಂದಿನ 24 ಗಂಟೆಯಲ್ಲಿ ಮನೆಯಲ್ಲಿ ಏನು ಬೇಯಿತು, ಯಾರು ಎಷ್ಟು ಉಂಡರು ಎಂದು ಕೇಳುವುದು ಒಂದು ಕ್ರಮ. 'ಒಂದು ಸೌಟು ಸಾರು' ಎಂದರೆ ಸಾಲದು, ಸೌಟು ಮನೆಗೊಂದು ಅಳತೆ. ಅದಕ್ಕೆ ವಿದ್ಯಾರ್ಥಿಗಳು ಗೊತ್ತಾದ ಅಳತೆಯ ಬಟ್ಟಲುಗಳನ್ನು ಒಯ್ಯುತ್ತಾರೆ. ಮನೆಯಾಕೆ 200 ಗ್ರಾಂ ತೊಗರಿಬೇಳೆ ಹಾಕಿ ಎರಡು ಲೀಟರ್ ಸಾರು ಮಾಡಿದ್ದರೆ, 150 ಮಿಲಿ ಸಾರು ಉಂಡ ಮಗುವಿನ ಹೊಟ್ಟೆಗೆ ಹೋದ ಬೇಳೆ ಕೇವಲ 15 ಗ್ರಾಂ. ಅದರಲ್ಲಿ ಸಿಗುವ ಪ್ರೋಟೀನ್ ಸುಮಾರು ಮೂರು ಗ್ರಾಂ. 'ದಿನಾ ಬೇಳೆ ಸಾರು ಉಣ್ಣುತ್ತೆ' ಎಂಬ ಅಮ್ಮನ ಮಾತು ಸುಳ್ಳಲ್ಲ. ಸಾರು ತೆಳ್ಳಗಿದೆ, ಅಷ್ಟೇ.

ಮಗುವನ್ನು ಅಳೆಯುವುದೂ ಅಷ್ಟೇ ನಾಜೂಕಿನ ಕೆಲಸ. ಎರಡು ವರ್ಷದೊಳಗಿನದಾದರೆ ಮಲಗಿಸಿ ಉದ್ದ ನೋಡಬೇಕು, ದೊಡ್ಡದಾದರೆ ನಿಲ್ಲಿಸಿ ಎತ್ತರ. ಎಡತೋಳಿನ ನಡುಭಾಗಕ್ಕೆ ಟೇಪು ಸುತ್ತಿದಾಗ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಹುಟ್ಟಿದ ದಿನದ ದಾಖಲೆ ಇಲ್ಲದ ಮನೆಗಳಲ್ಲಿ 'ಯುಗಾದಿಗೆ ಮೊದಲೋ, ಆಮೇಲೋ? ಆಗ ಕೊಯ್ಲು ಮುಗಿದಿತ್ತೋ?' ಎಂದು ಕೇಳಿ ವಯಸ್ಸು ಗೊತ್ತು ಮಾಡಿಕೊಳ್ಳಬೇಕು. ವಯಸ್ಸು ನಾಲ್ಕು ತಿಂಗಳು ಹೆಚ್ಚಾಗಿ ದಾಖಲಾದರೆ ಚೆನ್ನಾಗಿರುವ ಮಗುವೂ ಕುಳ್ಳ ಮಗುವಿನ ಲೆಕ್ಕಕ್ಕೆ ಬೀಳಬಹುದು.

ಇಂಥ ಅಳತೆಗಳೇ ಸರ್ಕಾರದ ಯೋಜನೆಗೆ ಆಧಾರ. ಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ 'ಎ' ಹನಿ ಹಾಕುವ 1970ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಸಂಸ್ಥೆಯ ಅಧ್ಯಯನಗಳ ಬುನಾದಿ ಇತ್ತು. 1972ರಲ್ಲಿ ಶುರುವಾದ ರಾಷ್ಟ್ರೀಯ ಪೌಷ್ಟಿಕತೆ ನಿಗಾ ಘಟಕ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ದಶಕಗಳ ಕಾಲ ಊಟದ ಲೆಕ್ಕ ಇಟ್ಟಿತು. ಕಬ್ಬಿಣ ಮತ್ತು ಅಯೋಡಿನ್ ಎರಡನ್ನೂ ಬೆರೆಸಿದ ಉಪ್ಪೂ ಇಲ್ಲಿನದೇ ಕೊಡುಗೆ. 2024ರಲ್ಲಿ ಸಂಸ್ಥೆ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಪರಿಷ್ಕರಿಸಿ ಹೊರತಂದಿದೆ.

ಓದಿ ಮುಗಿಸಿದವರಿಗೆ ಕೆಲಸ ಎಲ್ಲಿ? ಆರೋಗ್ಯ, ಮಹಿಳಾ ಮತ್ತು ಮಕ್ಕಳ ಇಲಾಖೆಗಳ ಯೋಜನೆಗಳಲ್ಲಿ, ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನೆಯಲ್ಲಿ. ಖಾಸಗಿ ಕ್ಲಿನಿಕ್ಕಿನ ಡಯಟಿಷಿಯನ್‌ಗೆ ಸಿಗುವ ಥಳುಕು ಇದರಲ್ಲಿಲ್ಲ. ಬಿಸಿಲಲ್ಲಿ ಓಡಾಟ, ಒಂದೇ ಪ್ರಶ್ನೆಯನ್ನು ಮನೆಮನೆಯಲ್ಲಿ ಕೇಳುವ ತಾಳ್ಮೆ ಬೇಕು.

ಕೆಲಸವೇನೂ ಕಡಿಮೆಯಿಲ್ಲ. ಅಂಗನವಾಡಿ ಯೋಜನೆ 1975ರಲ್ಲಿ ದೇಶದ 33 ಕಡೆ ಆರಂಭವಾದಾಗ ಅದರಲ್ಲೊಂದು ನಮ್ಮ ತಿ. ನರಸೀಪುರ. ಆಮೇಲೆ ಅಕ್ಷರ ದಾಸೋಹ, ಕ್ಷೀರಭಾಗ್ಯ, ಮಾತೃಪೂರ್ಣ ಎಂಬ ಊಟ, ಹಾಲಿನ ಯೋಜನೆಗಳೆಲ್ಲ ಬಂದವು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಯಾವ ತಾಲ್ಲೂಕಿನಲ್ಲಿ ಮೊಟ್ಟೆ ಸಾಲದು, ಎಲ್ಲಿ ಶುದ್ಧ ನೀರೇ ಮೊದಲ ಮದ್ದು ಎಂದು ಅಳೆದು ಹೇಳಬಲ್ಲವರು ರಾಜ್ಯಕ್ಕೆ ಬೇಕು. ಗೃಹವಿಜ್ಞಾನ, ಆಹಾರ ವಿಜ್ಞಾನ, ಜೀವರಸಾಯನಶಾಸ್ತ್ರ, ನರ್ಸಿಂಗ್ ಓದುತ್ತಿರುವ ಮಕ್ಕಳಿಗೆ ಇಂಥದೊಂದು ದಾರಿ ಇದೆಯೆಂದು ಮನೆಯವರೂ ಮೇಷ್ಟ್ರೂ ತಿಳಿಸಲಿ. ಸಂಸ್ಥೆಯ ಕೋರ್ಸಿಗೆ ಯಾರು ಸೇರಬಹುದು, ಪ್ರವೇಶ ಪರೀಕ್ಷೆ ಯಾವಾಗ ಎಂಬುದು ಆಯಾ ವರ್ಷದ ಅಧಿಸೂಚನೆಯಲ್ಲಿರುತ್ತದೆ. ಪದವಿಯ ಕೊನೆಯ ವರ್ಷದಲ್ಲಿರುವವರು ಈಗಿನಿಂದಲೇ ಅದರ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.