ಹುಡುಗರು ಕೆತ್ತಿದ ಕನಸಿನ ಕಾರುಗಳು

ನಿಮಗಿದು ಗೊತ್ತೆ? ಅಮೆರಿಕದಲ್ಲಿ ಹದಿಹರೆಯದ ಹುಡುಗರು ಕೈಯಾರೆ ಕೆತ್ತಿದ ಪುಟ್ಟ ಕಾರುಗಳು ಅವರಿಗೆ ಕಾಲೇಜಿನ ಬಾಗಿಲು ತೆರೆಯುತ್ತಿದ್ದವು!

ಜನರಲ್ ಮೋಟಾರ್ಸ್‌ನ ಫಿಶರ್ ಬಾಡಿ ವಿಭಾಗ 1930ರಲ್ಲಿ 'ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಸ್ಪರ್ಧೆ ಆರಂಭಿಸಿತು. ಮೊದಮೊದಲು ಹುಡುಗರು ಮಾಡಬೇಕಿದ್ದದ್ದು ನೆಪೋಲಿಯನ್ ಕಾಲದ ರಾಜರಥದ ಮಾದರಿ. ಫಿಶರ್ ಕಂಪನಿಯ ಲಾಂಛನದಲ್ಲಿದ್ದದ್ದೂ ಅಂಥದೇ ರಥ. ಆಮೇಲೆ ಬಂತು ನಿಜವಾದ ಸವಾಲು: ರಸ್ತೆಗೆ ಇನ್ನೂ ಇಳಿಯದ, ಸ್ವಂತ ಕಲ್ಪನೆಯ ಕಾರು. ಅಳತೆ ಹನ್ನೆರಡಕ್ಕೆ ಒಂದು, ಅಂದರೆ 5 ಮೀಟರ್ ಉದ್ದದ ಕಾರು ಸುಮಾರು 42 ಸೆಂಟಿಮೀಟರಿಗೆ ಇಳಿಯಬೇಕು. ಈ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪೂ ಕಣ್ಣಿಗೆ ಹೊಡೆಯುತ್ತದೆ. ಮೊದಲು ಜೇಡಿಮಣ್ಣಿನಲ್ಲಿ ಆಕಾರ ಹಿಡಿದು, ಮರ ಕೆತ್ತಿ ಇಲ್ಲವೇ ಪ್ಲಾಸ್ಟರ್ ಅಚ್ಚು ಹೊಯ್ದು, ಉಜ್ಜಿ, ಬಣ್ಣ ಬಳಿದು, ಮತ್ತೆ ಉಜ್ಜಿ... ತಿಂಗಳುಗಟ್ಟಲೆ ತಪಸ್ಸು. ಆ ತಾಳ್ಮೆಗೆ ಕೈಮುಗಿಯಬೇಕು.

ಗೆದ್ದವರಿಗೆ ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಅದೇ ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥರೇ ಆದರು! ಸ್ಪರ್ಧೆ 1968ಕ್ಕೆ ನಿಂತಿತು. ಆ ಹುಡುಗರ ಹಲವು ಮಾದರಿಗಳು ಇಂದಿಗೂ ಜೋಪಾನವಾಗಿವೆ.