ಎವರೆಸ್ಟ್ ಏಣಿನ ಮೇಲೊಬ್ಬ ಹಳ್ಳಿ ಕಮ್ಮಾರನ ಹೆಸರು

1933ರ ಮೇ 30. ಎವರೆಸ್ಟ್‌ನ ಈಶಾನ್ಯ ಏಣು, ಸುಮಾರು 8,460 ಮೀಟರ್ ಎತ್ತರ. ಉಸಿರಿಗೆ ಪರದಾಡುತ್ತ ಹತ್ತುತ್ತಿದ್ದ ಬ್ರಿಟಿಷ್ ಆರೋಹಿ ಪರ್ಸಿ ವಿನ್-ಹ್ಯಾರಿಸ್ ಕಣ್ಣಿಗೆ ಹಾಸುಬಂಡೆಯ ಮೇಲೆ ಬಿದ್ದಿದ್ದ ಏನೋ ಕಂಡಿತು. ನೋಡಿದರೆ ಐಸ್ ಆಕ್ಸ್, ಹಿಮ ಹತ್ತುವವರ ಕೊಡಲಿ! ಏಣಿನ ಆ ಜಾಗದವರೆಗೆ ಮೊದಲೇ ಹೋಗಿರಬಹುದಾದವರು ಇಬ್ಬರೇ: 1924ರ ಜೂನ್ 8ರಂದು ಮಂಜಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಅರ್ವಿನ್. ಒಂಬತ್ತು ವರ್ಷ ಆ ಕೊಡಲಿ ಅಲ್ಲೇ ಬಿದ್ದಿತ್ತು.

ಅದರ ಉಕ್ಕಿನ ತಲೆಯ ಮೇಲೆ ಒಂದು ಮುದ್ರೆ. ಲಂಡನ್ನಿನ ದೊಡ್ಡ ಕಂಪನಿಯದಲ್ಲ, ಸ್ವಿಟ್ಜರ್ಲೆಂಡಿನ ಟೇಶ್ ಎಂಬ ಹಳ್ಳಿಯ ಕಮ್ಮಾರ ವಿಲ್ಲಿಷ್‌ನದು! ಪ್ರವಾಸಿಗರ ಊರು ಜೆರ್ಮಾಟ್‌ಗೆ ಹೋಗುವವರು ಇವತ್ತು ಕಾರು ನಿಲ್ಲಿಸಿ ರೈಲು ಹತ್ತುತ್ತಾರಲ್ಲ, ಅದೇ ಟೇಶ್. ಅಲ್ಲಿನ ಕುಲುಮೆಯಲ್ಲಿ ಕಾದ ಕಬ್ಬಿಣ ಜಗತ್ತಿನ ನೆತ್ತಿಯ ಹತ್ತಿರ ಹೋಗಿ ಮಲಗಿತ್ತು. ನೆನೆದರೆ ಮೈ ಜುಮ್ಮೆನ್ನುತ್ತದೆ.

ಆದರೆ ಇಬ್ಬರಲ್ಲಿ ಯಾರದು? ಮರದ ಕಾವಿನ ಮೇಲೆ ಒಂದರ ಪಕ್ಕ ಒಂದು ಮೂರು ಸಣ್ಣ ಕಚ್ಚುಗಳಿದ್ದವು. ಅಷ್ಟೇ. 1962ರಲ್ಲಿ ಅರ್ವಿನ್ ಬಳಸುತ್ತಿದ್ದ ಸೈನಿಕ ಬೆತ್ತವೊಂದು ಸಿಕ್ಕಿತು. ಅದರಲ್ಲೂ ಅಂಥವೇ ಮೂರು ಗುರುತು! ಕೊಡಲಿ ಅರ್ವಿನ್‌ನದೇ ಎಂದು ಈಗ ಹೆಚ್ಚುಕಮ್ಮಿ ಎಲ್ಲರೂ ಒಪ್ಪುತ್ತಾರೆ. ಅದೀಗ ಲಂಡನ್ನಿನ ಆಲ್ಪೈನ್ ಕ್ಲಬ್‌ನಲ್ಲಿದೆ.

ಹಳೆಯ ಐಸ್ ಆಕ್ಸ್ ಸಂಗ್ರಹಿಸುವವರ ಹುಚ್ಚು ಇಲ್ಲಿಂದಲೇ ಅರ್ಥವಾಗುತ್ತದೆ. ಅವರು ಹುಡುಕುವುದು ಆ ಮುದ್ರೆಯನ್ನು. ಗ್ರಿಂಡೆಲ್‌ವಾಲ್ಡ್‌ನ ಬೆಂಡ್, ಅದೇ ಊರಿನ ಶೆಂಕ್, ಶಮೋನಿಯ ಸಿಮೋಂ, ಕೂರ್ಮಾಯರ್‌ನ ಗ್ರಿವೆಲ್... ಇವೆಲ್ಲ ಬ್ರ್ಯಾಂಡ್ ಆಗುವ ಮೊದಲು ಮನೆತನಗಳು. ಗ್ರಿವೆಲ್ ಕುಟುಂಬ 1818ರಿಂದ ಕುಲುಮೆ ನಡೆಸಿದ್ದು ರೈತರ ಸಲಕರಣೆಗಾಗಿ. ಸಿಮೋಂ ಮನೆಯವರು ದನದ ಕೊರಳಿನ ಗಂಟೆ ಮಾಡುತ್ತಿದ್ದರು! ಬೆಟ್ಟ ಹತ್ತುವ ಗೀಳಿನ ಇಂಗ್ಲಿಷರು ಬಂದರು, ಗುದ್ದಲಿ ಬಡಿಯುತ್ತಿದ್ದ ಕೈ ಹಿಮದ ಕೊಡಲಿ ಬಡಿಯತೊಡಗಿತು. ಒಂದು ಫಜೀತಿಯೂ ಇದೆ: ಶಮೋನಿಯಲ್ಲಿ ಸಿಮೋಂ ಎಂಬ ಅಡ್ಡಹೆಸರಿನವರು ಊರ ತುಂಬ. ಬರೀ ಅಡ್ಡಹೆಸರು ಓದಿ ಕುಣಿಯುವಂತಿಲ್ಲ, ಮೊದಲ ಹೆಸರನ್ನೂ ಓದಬೇಕು.

ಮುದ್ರೆ ಸವೆದುಹೋಗಿದ್ದರೆ? ಆಗ ಕೊಡಲಿಯ ಆಕಾರವೇ ಸಾಕ್ಷಿ. ಒಂದು ಕಡೆ ಚೂಪು ಕೊಕ್ಕು, ಇನ್ನೊಂದು ಕಡೆ ಮೆಟ್ಟಿಲು ಕಡಿಯುವ ಅಗಲದ ಅಲಗು. ಆ ಅಲಗು ಸೌದೆ ಕೊಡಲಿಯಂತೆ ಕಾವಿನ ನೇರಕ್ಕೇ ಇದ್ದರೆ ಬಹಳ ಹಳೆಯದು, ಹತ್ತೊಂಬತ್ತನೆಯ ಶತಮಾನದ ನಡುಭಾಗದ ಆಸುಪಾಸಿನದು. ಗುದ್ದಲಿಯಂತೆ ಅಡ್ಡ ತಿರುಗಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಈಚಿನದು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಕೊಡಲಿಗಳ ಉದ್ದ ಒಂದು ಮೀಟರ್ ದಾಟುತ್ತದೆ. ಇಳಿಯುವಾಗ ಊರುಗೋಲೂ ಅದೇ ಆಗಬೇಕಿತ್ತಲ್ಲ. ಕೊಕ್ಕು ಕೆಳಕ್ಕೆ ಬಾಗಿ, ಕಾವು ಮೋಟಾಗಿದ್ದರೆ ತೀರಾ ಈಚಿನದು ಎನ್ನಿ. ಅಮೆರಿಕದ ಇವಾನ್ ಶುನಾರ್ಡ್, ಆತನೂ ಕಮ್ಮಾರನೇ, 1966ರಲ್ಲಿ ಶಮೋನಿಯ ಶಾರ್ಲೆ ಕಾರ್ಖಾನೆಯವರನ್ನು ಒಪ್ಪಿಸಿ ಬಾಗಿದ ಕೊಕ್ಕಿನ 55 ಸೆಂಟಿಮೀಟರ್ ಕೊಡಲಿ ಮಾಡಿಸಿದ. ಕೆಲವೇ ವರ್ಷಗಳಲ್ಲಿ ಮರದ ಕಾವಿನ ಕಾಲವೂ ಮುಗಿಯಿತು.

ಮುದ್ರೆ ಬೆಟ್ಟದ ಕಥೆಯನ್ನಷ್ಟೇ ಹೇಳುತ್ತದೆಂದು ತಿಳಿಯಬೇಡಿ. 1940ರ ಆಗಸ್ಟ್ 20ರಂದು ಮೆಕ್ಸಿಕೋದಲ್ಲಿ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿಯ ತಲೆಗೆ ಬಿದ್ದದ್ದೂ ಕಾವು ಮೊಟಕುಗೊಳಿಸಿದ ಐಸ್ ಆಕ್ಸೇ. ಆಮೇಲೆ ಅದು ದಶಕಗಟ್ಟಲೆ ನಾಪತ್ತೆ. ಕೊನೆಗೆ ಹೊರಬಂದದ್ದು ಪೊಲೀಸ್ ಅಧಿಕಾರಿಯೊಬ್ಬರ ಮಗಳ ಮಂಚದ ಕೆಳಗಿನಿಂದ! ಸಂಗ್ರಾಹಕ ಕೀತ್ ಮೆಲ್ಟನ್ ಅದೇ ಎಂದು ಖಾತರಿ ಮಾಡಿಕೊಂಡದ್ದು ಹೇಗೆ? ಪೊಲೀಸ್ ದಾಖಲೆಯ ಅಳತೆ ತಾಳೆಯಾಯಿತು, ತುಕ್ಕಿನಲ್ಲಿ ಬೆರಳಚ್ಚು ಉಳಿದಿತ್ತು, ಜೊತೆಗೆ ಉಕ್ಕಿನ ಮೇಲೆ ಆಸ್ಟ್ರಿಯಾದ ಫುಲ್ಪ್‌ಮೆಸ್ ಎಂಬ ಕಮ್ಮಾರರ ಊರಿನ ಮುದ್ರೆ. ಈಗ ಅದು ವಾಷಿಂಗ್ಟನ್ನಿನ ಇಂಟರ್‌ನ್ಯಾಷನಲ್ ಸ್ಪೈ ಮ್ಯೂಸಿಯಂನಲ್ಲಿದೆ.

ಹಳೆಯ ಆರೋಹಣ ಸಾಮಗ್ರಿ ನಮ್ಮ ದೇಶದಲ್ಲೇ ನೋಡಬೇಕೆಂದರೆ ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್‌ನ ಮ್ಯೂಸಿಯಂಗೆ ಹೋಗಿ. ಗುಜರಿಯಲ್ಲೋ ಯಾರದೋ ಅಟ್ಟದಲ್ಲೋ ಇಂಥದ್ದೊಂದು ಕೈಗೆ ಸಿಕ್ಕರೆ ಟಾರ್ಚನ್ನು ಓರೆಯಾಗಿ ಹಿಡಿದು ಉಕ್ಕಿನ ತಲೆಯನ್ನು ನಿಧಾನವಾಗಿ ನೋಡಿ, ಮಾಸಿದ ಅಕ್ಷರ ನೆರಳಿನಲ್ಲಿ ಏಳುತ್ತದೆ. ಕಾವಿಗೆ ತೆಳುವಾಗಿ ಅಗಸೆ ಎಣ್ಣೆ ಸವರಿದರೆ ಸಾಕು. ಉಪ್ಪುಕಾಗದ ಹಾಕಿ ತಿಕ್ಕಿ ಫಳಫಳ ಮಾಡಬೇಡಿ, ವಾರ್ನಿಷ್ ಬಳಿಯಬೇಡಿ: ಹೆಸರು, ಕಚ್ಚು ಎರಡೂ ಹೋಗುತ್ತವೆ. ಮತ್ತೆ, ಅದನ್ನು ಹಿಡಿದು ಹಿಮ ಹತ್ತಲು ಮಾತ್ರ ಹೋಗಬೇಡಿ, ಹಳೆಯ ಮರವನ್ನು ನಂಬಲಾಗದು.