ಮನೆಯ ಕಂಪ್ಯೂಟರ್ ಕೈಕೊಟ್ಟರೆ ಏನು ಮಾಡ್ತೀರಿ? ಡಿಸ್ಕ್ ಇಮೇಜ್ ಬ್ಯಾಕಪ್ ಬಗ್ಗೆ ಇಲ್ಲಿದೆ ಪೂರ್ಣ ಮಾಹಿತಿ

ಪುಣೆಯ ಹಡಪ್ಸರದಲ್ಲಿರುವ ಮಗರಪಟ್ಟಾ ಸಿಟಿಯಲ್ಲಿ ಮನೆ, ಕಚೇರಿ ಎರಡೂ ಒಂದೇ ಆವರಣದಲ್ಲಿವೆ. ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಜಮೀನನ್ನು ಒಟ್ಟುಗೂಡಿಸಿ ಕಟ್ಟಿದ ಟೌನ್‌ಶಿಪ್ ಇದು. ಇಲ್ಲಿನ ಸೈಬರ್‌ಸಿಟಿಯಂಥ ಐಟಿ ಪಾರ್ಕ್‌ಗಳಲ್ಲಿ ಕೆಲಸ ಮಾಡುವವರ ಕಚೇರಿ ಲ್ಯಾಪ್‌ಟಾಪ್ ಕೆಟ್ಟರೆ ಕಂಪನಿಯ ಐಟಿ ವಿಭಾಗ ನೋಡಿಕೊಳ್ಳುತ್ತದೆ. ಆದರೆ ಮಕ್ಕಳ ಫೋಟೊ, ತೆರಿಗೆ ದಾಖಲೆ, ಊರಿನ ಜಮೀನಿನ ಪಹಣಿ ಎಲ್ಲವೂ ಇರುವ ಮನೆಯ ಕಂಪ್ಯೂಟರ್ ಕೆಟ್ಟರೆ? ಅದಕ್ಕೆ ನಾವೇ ಐಟಿ ವಿಭಾಗ.

ಡಿಸ್ಕ್ ಇಮೇಜ್ ಎಂದರೇನು?

ಫೋಟೊ, ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಅವಷ್ಟೇ ಉಳಿಯುತ್ತವೆ. ವಿಂಡೋಸ್, ಪ್ರಿಂಟರ್ ಡ್ರೈವರ್, ಟ್ಯಾಲಿ, ನುಡಿ, ಬರಹ, ಹಳೆಯ ಕನ್ನಡ ಫಾಂಟ್‌ಗಳನ್ನು ಮತ್ತೆ ಒಂದೊಂದಾಗಿ ಹಾಕಬೇಕು. ಯುನಿಕೋಡ್‌ಗೂ ಮೊದಲಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು, ಆ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಅಕ್ಷರಗಳಾಗಿ ಕಾಣುತ್ತವೆ. ಡಿಸ್ಕ್ ಇಮೇಜ್ ಇಡೀ ಡಿಸ್ಕ್‌ನ ಪಡಿಯಚ್ಚು. ಇದರಿಂದ ರಿಸ್ಟೋರ್ ಮಾಡಿದರೆ ಕಂಪ್ಯೂಟರ್ ಇಮೇಜ್ ತೆಗೆದ ದಿನ ಹೇಗಿತ್ತೋ ಹಾಗೆಯೇ ಮರಳುತ್ತದೆ.

ಯಾವ ಸಾಫ್ಟ್‌ವೇರ್?

ಒಂದು ಕಾಲದಲ್ಲಿ ಹೆಸರಾಗಿದ್ದ ನಾರ್ಟನ್ ಘೋಸ್ಟ್ 2013ರಲ್ಲೇ ನಿಂತುಹೋಯಿತು. ಈಗ ಕ್ಲೋನ್‌ಜಿಲ್ಲಾ ಮತ್ತು ರೆಸ್ಕ್ಯೂಜಿಲ್ಲಾ ಸಂಪೂರ್ಣ ಉಚಿತ. ಹೊಸಬರಿಗೆ ಮೌಸ್‌ನಲ್ಲೇ ನಡೆಸಬಹುದಾದ ರೆಸ್ಕ್ಯೂಜಿಲ್ಲಾ ಸುಲಭ. ಆಕ್ರೊನಿಸ್, ಮ್ಯಾಕ್ರಿಯಂ ರಿಫ್ಲೆಕ್ಟ್‌ಗಳಿಗೆ ಹಣ ಕೊಡಬೇಕು.

ಇಮೇಜ್ ತೆಗೆಯುವುದು ಹೇಗೆ?

* ಕಂಪ್ಯೂಟರ್ ಸರಿಯಾಗಿರುವಾಗಲೇ ಸಾಫ್ಟ್‌ವೇರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಆಗುವಂತೆ ಮಾಡಿಕೊಳ್ಳಿ. ಕೆಟ್ಟ ಮೇಲೆ ಇದಕ್ಕಾಗಿ ಬೇರೆಯವರ ಕಂಪ್ಯೂಟರ್ ಹುಡುಕಬೇಕಾಗುತ್ತದೆ.
* ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಜೋಡಿಸಿ, ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿ, 'ಬ್ಯಾಕಪ್' ಆಯ್ಕೆ ಒತ್ತಿ.
* ಯಾವ ಡಿಸ್ಕ್‌ನಿಂದ, ಯಾವ ಡಿಸ್ಕ್‌ಗೆ ಎಂಬುದನ್ನು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. 120 ಜಿಬಿ ಮಾಹಿತಿ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಹೋದರೂ 20 ನಿಮಿಷ ಬೇಕು. ಹಳೆಯ ಯುಎಸ್‌ಬಿ ಪೋರ್ಟ್ ಆದರೆ ಇನ್ನೂ ಹೆಚ್ಚು.
* ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಅನ್ನು ಕಾಗದದಲ್ಲಿ ಬರೆದಿಡಿ.

ರಿಸ್ಟೋರ್ ಮಾಡುವಾಗ ಎಚ್ಚರ

ಇಮೇಜ್ ಮರಳಿ ಹಾಕಿದರೆ ಆ ಡಿಸ್ಕ್‌ನಲ್ಲಿ ಈಗಿರುವುದೆಲ್ಲ ಅಳಿಸಿಹೋಗುತ್ತದೆ. ಇಮೇಜ್ ತೆಗೆದ ನಂತರ ಸೇರಿಸಿದ ಫೋಟೊಗಳೂ ಹೋಗುತ್ತವೆ. ಆದ್ದರಿಂದ ಹೊಸ ಕಡತಗಳನ್ನು ಮೊದಲು ಬೇರೆಡೆ ಉಳಿಸಿಕೊಳ್ಳಿ. ಹೊಸ ಡಿಸ್ಕ್ ಖರೀದಿಸಿದ್ದರೆ ಅದು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಲಿ. ಚಿಕ್ಕದಾದರೆ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಡಿಸ್ಕ್ ಸದಾ ಜೋಡಿಸಿಡಬೇಡಿ

2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ರ‍್ಯಾನ್‌ಸಮ್‌ವೇರ್ ಕಂಪ್ಯೂಟರ್‌ಗೆ ಜೋಡಿಸಿದ್ದ ಡ್ರೈವ್‌ಗಳ ಕಡತಗಳಿಗೂ ಬೀಗ ಹಾಕಿತ್ತು. ಹಾಗಾಗಿ ಕೆಲಸ ಮುಗಿದೊಡನೆ ಡಿಸ್ಕ್ ಬಿಚ್ಚಿಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬುದು ತಜ್ಞರು ಹೇಳುವ 3-2-1 ನಿಯಮ. ಊರಿಗೆ ಹೋದಾಗ ಒಂದು ಡಿಸ್ಕ್ ಅಲ್ಲಿನ ಬೀರುವಿನಲ್ಲಿಟ್ಟು ಬಂದರೆ ಈ ಕೊನೆಯ ನಿಯಮ ಪಾಲಿಸಿದಂತೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬದಲಾಗುವವರು ಮೊದಲು ಒಂದು ಇಮೇಜ್ ತೆಗೆದಿಟ್ಟುಕೊಂಡರೆ, ಏನಾದರೂ ಎಡವಟ್ಟಾದರೂ ಹಿಂದಕ್ಕೆ ಬರಬಹುದು.

ಕೊನೆಯದಾಗಿ, ಪರೀಕ್ಷಿಸದ ಬ್ಯಾಕಪ್ ನಂಬಬೇಡಿ. ಹಳೆಯ ಡಿಸ್ಕ್ ಒಂದಿದ್ದರೆ ಅದಕ್ಕೆ ರಿಸ್ಟೋರ್ ಮಾಡಿ ನೋಡಿ. ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಆಗುತ್ತದೆಯೇ, ಎಕ್ಸ್‌ಟರ್ನಲ್ ಡಿಸ್ಕ್ ಕಾಣುತ್ತದೆಯೇ, ಸಾಫ್ಟ್‌ವೇರ್‌ನ ತಪಾಸಣೆಯಲ್ಲಿ ಇಮೇಜ್ ಸರಿಯಿದೆ ಎಂದು ಬರುತ್ತದೆಯೇ ಎಂಬುದನ್ನಾದರೂ ನೋಡಿಕೊಳ್ಳಿ.